ಹೆಸರು ಯಾರ ಸ್ವತ್ತು?

ಬೆಳಗಿನ ಆರು ಗಂಟೆಗೆ ಬೆಂಗಳೂರಿನ ಹಾಲಿನ ಬೂತೊಂದರ ಮುಂದೆ ಸ್ವಲ್ಪ ಹೊತ್ತು ನಿಂತರೆ 'ಎರಡು ನಂದಿನಿ ಕೊಡಿ' ಎಂಬ ಮಾತು ಕಿವಿಗೆ ಬೀಳುತ್ತದೆ. ಕೇಳುವವರು ಹಾಲು ಎಂಬ ಶಬ್ದವನ್ನೇ ಬಳಸುವುದಿಲ್ಲ, ಕೊಡುವವನಿಗೆ ಅದರ ಅಗತ್ಯವೂ ಇಲ್ಲ. ಸರಕಿನ ಹೆಸರು ಹಿಂದೆ ಸರಿದು ಮಾರುವವರು ಇಟ್ಟ ಹೆಸರೇ ಮುಂದೆ ನಿಲ್ಲುವುದು ವ್ಯಾಪಾರದಲ್ಲಿ ಸಣ್ಣ ಗೆಲುವಲ್ಲ. ಆದರೆ ಈ ಗೆಲುವಿನಲ್ಲಿ ಒಂದು ಅಪಾಯವೂ ಇದೆ. ಜನರ ನಾಲಿಗೆಗೆ ಹತ್ತಿರವಾದ ಹೆಸರು ಒಡೆಯನ ಕೈಯಿಂದ ಜಾರಿಹೋಗಬಹುದು.

ಒಂದು ಕಾಲದಲ್ಲಿ ಸರಕಿಗೆ ಹೆಸರೇ ಬೇಕಿರಲಿಲ್ಲ. ಬೇಳೆ, ಬೆಲ್ಲ, ಎಣ್ಣೆ ಎಲ್ಲವೂ ಗೋಣಿಚೀಲದಿಂದ, ಡಬ್ಬದಿಂದ ಅಳೆದು ಕೊಡುವಂಥವು. ಗಿರಾಕಿ ನಂಬುತ್ತಿದ್ದುದು ಶೆಟ್ಟರ ಅಂಗಡಿಯನ್ನು, ಅಲ್ಲಿಯ ತಕ್ಕಡಿಯನ್ನು. ಕಾರ್ಖಾನೆಗಳು ಬಂದು ಸರಕು ಪೊಟ್ಟಣದೊಳಗೆ ಸೇರಿ ದೂರದೂರಿಗೆ ಹೊರಟಾಗ, ಮಾಡಿದವರ ಮುಖ ಕೊಳ್ಳುವವರಿಗೆ ಕಾಣದಾಯಿತು. ಆ ಮುಖದ ಬದಲಿಗೆ ಬಂದದ್ದೇ ಪೊಟ್ಟಣದ ಮೇಲಿನ ಹೆಸರು. ಆದ್ದರಿಂದ ಹೆಸರಿನ ಮೊದಲ ಕೆಲಸ ಅಂದವಾಗಿರುವುದಲ್ಲ. ನಿನ್ನೆ ಒಪ್ಪಿದ ವಸ್ತುವನ್ನು ಇಂದು ಮತ್ತೆ ಗುರುತಿಸಲು ನೆರವಾಗುವುದು.

ಈ ಗುಟ್ಟನ್ನು ಬಹಳ ಬೇಗ ಅರಿತವರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಒಬ್ಬ. 1888ರಲ್ಲಿ ತನ್ನ ಕ್ಯಾಮರಾಗೆ ಅವನು ಇಟ್ಟ ಹೆಸರು 'ಕೊಡಾಕ್'. ಯಾವ ಭಾಷೆಯಲ್ಲೂ ಅದಕ್ಕೆ ಅರ್ಥವಿರಲಿಲ್ಲ, ಅವನಿಗೆ ಬೇಕಾಗಿದ್ದುದೂ ಅದೇ. ಹೆಸರು ಚಿಕ್ಕದಾಗಿರಬೇಕು, ಉಚ್ಚಾರದಲ್ಲಿ ಕೆಡಬಾರದು, ಇನ್ನಾವುದನ್ನೂ ಹೋಲಬಾರದು ಎಂಬುದು ಅವನ ಲೆಕ್ಕಾಚಾರ. 'ಕೆ' ಅಕ್ಷರದ ಗಟ್ಟಿದನಿ ಅವನಿಗೆ ಇಷ್ಟವಾಗಿತ್ತು, ಹಾಗಾಗಿ ಹೆಸರಿನ ಎರಡು ತುದಿಯಲ್ಲೂ ಅದನ್ನೇ ಇಟ್ಟ. ನಮ್ಮ ದೇಶದ 'ಡಾಲ್ಡಾ' ಕೂಡ ಇದೇ ಜಾತಿಯದು. ಡಚ್ಚರ 'ಡಾಡಾ' ಎಂಬ ಹೆಸರಿನ ನಡುವೆ ಲೀವರ್ ಕಂಪನಿಯ 'ಎಲ್' ಅಕ್ಷರ ಸೇರಿ 1937ರಲ್ಲಿ ಹುಟ್ಟಿದ ಈ ಪದಕ್ಕೆ ಅರ್ಥವಿಲ್ಲ. ಆದರೂ ವನಸ್ಪತಿ ಎಂಬ ಸಂಸ್ಕೃತ ಪದ ಕಾಲಿಡದ ಅಡುಗೆಮನೆಗಳನ್ನು ಅದು ಹೊಕ್ಕಿತು.

ಇದಕ್ಕೆ ನಾಲಿಗೆಯ ಕಾರಣವೂ ಉಂಟು. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ವ್ಯಂಜನದಲ್ಲಿ ಮುಗಿಯುವ ಪರಭಾಷೆಯ ಪದ ಬಂದರೆ ಕನ್ನಡಿಗ ಅದಕ್ಕೊಂದು 'ಉ' ಸೇರಿಸಿ ಬಸ್ಸು, ಕಾರು, ಸೋಪು ಎಂದು ತನ್ನದಾಗಿಸಿಕೊಳ್ಳುತ್ತಾನೆ. ಡಾಲ್ಡಾ, ಬಾಟಾ, ನಂದಿನಿ ಇವುಗಳಿಗೆ ಆ ರಿಪೇರಿಯೂ ಬೇಕಿಲ್ಲ. ಬಾಟಾ ಎಂಬುದು 1894ರಲ್ಲಿ ಈಗಿನ ಚೆಕ್ ನಾಡಿನ ಜ್ಲಿನ್ ಪಟ್ಟಣದಲ್ಲಿ ಪಾದರಕ್ಷೆ ತಯಾರಿಕೆಗೆ ತೊಡಗಿದ ಮನೆತನದ ಹೆಸರು. ಇಲ್ಲಿ ಅನೇಕರು ಅದನ್ನು ದೇಶೀ ಹೆಸರೆಂದೇ ತಿಳಿದಿದ್ದರೆ ಅದಕ್ಕೆ ಆ ಸುಲಭ ಉಚ್ಚಾರವೂ ಒಂದು ಕಾರಣವಿರಬೇಕು.

ಅರ್ಥವಿಲ್ಲದ ಹೆಸರಿಗೆ ಒಂದು ಕಷ್ಟವಿದೆ. ಅದನ್ನು ಜನರಿಗೆ ಕಲಿಸಬೇಕು. ಕಲಿಸಲು ಜಾಹೀರಾತು ಬೇಕು, ಜಾಹೀರಾತಿಗೆ ಹಣ ಬೇಕು. ಹಾಗೆಂದು ವಸ್ತುವಿನ ಗುಣವನ್ನೇ ಹೆಸರಾಗಿಸಲು ಹೊರಟರೆ ಕಾನೂನು ಅಡ್ಡಬರುತ್ತದೆ. ಭಾರತದ 1999ರ ಟ್ರೇಡ್‌ಮಾರ್ಕ್ ಕಾಯಿದೆಯ ಪ್ರಕಾರ ಸರಕಿನ ಬಗೆ, ಗುಣಮಟ್ಟ, ಹುಟ್ಟಿದ ಊರು ಇಷ್ಟನ್ನೇ ಹೇಳುವ ಪದಗಳನ್ನು ಸಾಮಾನ್ಯವಾಗಿ ಒಬ್ಬರ ಹೆಸರಿಗೆ ನೋಂದಾಯಿಸುವಂತಿಲ್ಲ. ಸಿಹಿ ಎಂಬ ಪದ ಎಲ್ಲ ಮಿಠಾಯಿಯವರಿಗೂ ಬೇಕಲ್ಲವೇ? ದೀರ್ಘಕಾಲದ ಬಳಕೆಯಿಂದ ಆ ಪದ ಒಂದೇ ಮೂಲದ ಸರಕನ್ನು ಸೂಚಿಸುವಂತಾಗಿದ್ದರೆ ಮಾತ್ರ ವಿನಾಯಿತಿ ಇದೆ.

ಊರು ಮತ್ತು ವಸ್ತು ಎರಡನ್ನೇ ಹೇಳುವ ಹೆಸರೂ ಕಾಲಕ್ರಮದಲ್ಲಿ ಹೇಗೆ ಗಟ್ಟಿಯಾಗುತ್ತದೆ ಎಂಬುದಕ್ಕೆ 'ಮೈಸೂರು ಸ್ಯಾಂಡಲ್' ಸೋಪಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಮೊದಲ ಮಹಾಯುದ್ಧದಿಂದ ಯೂರೋಪಿಗೆ ಹೋಗುತ್ತಿದ್ದ ಶ್ರೀಗಂಧದ ಮರ ಇಲ್ಲೇ ಉಳಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಸಂಸ್ಥಾನವೇ ಗಂಧದೆಣ್ಣೆ ತೆಗೆಯತೊಡಗಿತು. ಕೆಲವೇ ವರ್ಷಗಳಲ್ಲಿ ಆ ಎಣ್ಣೆ ಬೆರೆತ ಸೋಪೂ ಬಂತು. ಹೆಸರಿನಲ್ಲಿ ಕಲ್ಪನೆಯ ಕಸರತ್ತೇನೂ ಇರಲಿಲ್ಲ. ಮೊಟ್ಟೆಯಾಕಾರದ ಸೋಪು, ಆನೆಯ ತಲೆಯೂ ಸಿಂಹದ ಮೈಯೂ ಇರುವ ಶರಭದ ಗುರುತು, ಎಂದಿನ ಅದೇ ಪರಿಮಳ. ತಲೆಮಾರುಗಳು ಇದನ್ನೇ ಬಳಸಿದ್ದರಿಂದ ಎರಡು ಸಾಮಾನ್ಯ ಪದಗಳು ಸೇರಿ ಒಂದು ವಿಶೇಷನಾಮವಾಯಿತು. 1973ರಲ್ಲಿ ಮೈಸೂರು ರಾಜ್ಯವೇ ಕರ್ನಾಟಕವಾಯಿತು, ಸೋಪಿನ ಹೆಸರು ಬದಲಾಗಲಿಲ್ಲ.

ಅರ್ಥವಿಲ್ಲದ್ದಕ್ಕೂ ಅರ್ಥವನ್ನೇ ಹೇಳುವುದಕ್ಕೂ ನಡುವೆ ಮೂರನೆಯದೊಂದು ದಾರಿಯಿದೆ, ಅದು ಸೂಚಿಸುವ ಹೆಸರು. ಗುಜರಾತಿನ 'ಅಮುಲ್' ಆನಂದ್ ಪಟ್ಟಣದ ಹಾಲು ಒಕ್ಕೂಟದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಆದದ್ದು, ಜೊತೆಗೆ ಅಮೂಲ್ಯ ಎಂಬ ಪದದ ನೆನಪನ್ನೂ ತರುತ್ತದೆ. ಕರ್ನಾಟಕದ ಸಹಕಾರಿ ಹಾಲು ಮಹಾಮಂಡಳ 1985ರಿಂದ ಬಳಸುತ್ತಿರುವ 'ನಂದಿನಿ' ಇನ್ನೂ ಆಳದ ನೆನಪಿನದು. ನಂದಿನಿ ಕಾಮಧೇನುವಿನ ಮಗಳು, ವಸಿಷ್ಠರ ಆಶ್ರಮದ ಹಸು. ಹೆಸರು ಕೇಳಿದ ಕೂಡಲೇ ಹಾಲು ಮನಸ್ಸಿಗೆ ಬರುತ್ತದೆ, ಆದರೆ ಹಾಲು ಎಂಬ ಪದ ಎಲ್ಲೂ ಇಲ್ಲ. ಕಲಿಸುವ ಕೆಲಸವನ್ನು ಅಜ್ಜಿಯರು ಹೇಳಿದ ಕಥೆಗಳೇ ಮಾಡಿ ಮುಗಿಸಿದ್ದವು.

ಆದರೆ ಎಲ್ಲರ ಮನೆಯ ಕಥೆಯಿಂದ ತಂದ ಹೆಸರಿನ ಮೇಲೆ ಹಕ್ಕೂ ಎಲ್ಲರದೇ. ಬೆಂಗಳೂರಿನ 'ನಂದಿನಿ ಡಿಲಕ್ಸ್' ಹೋಟೆಲು 1989ರಿಂದ ಈ ಹೆಸರು ಬಳಸುತ್ತಿತ್ತು, ಇಂಗ್ಲಿಷಿನಲ್ಲಿ ಬರೆಯುವಾಗ ಒಂದು 'ಎಚ್' ಹೆಚ್ಚು, ಅಷ್ಟೆ. ಅದರ ನೋಂದಣಿಗೆ ಮಹಾಮಂಡಳ ತಕರಾರು ಎತ್ತಿತು. ಹೈಕೋರ್ಟಿನಲ್ಲಿ ಮಹಾಮಂಡಳ ಗೆದ್ದಿತು. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ನಂದಿನಿ ಯಾರೋ ಹೊಸದಾಗಿ ಸೃಷ್ಟಿಸಿದ ಪದವಲ್ಲ, ಪುರಾಣದ್ದು. ಎರಡು ಕಡೆಯ ಸರಕೂ ಬೇರೆ, ಗುರುತಿನ ಚಿತ್ರವೂ ಬೇರೆ, ಸಾಮಾನ್ಯ ಗಿರಾಕಿ ಗೊಂದಲಕ್ಕೆ ಬೀಳುವುದಿಲ್ಲ ಎಂಬುದು ತೀರ್ಪಿನ ಸಾರ. ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಹೋಟೆಲಿನವರು ತಮ್ಮ ಅರ್ಜಿಯಿಂದ ಆಗಲೇ ಬಿಟ್ಟಿದ್ದರು. ಜನಪ್ರೀತಿ ಸುಲಭವಾಗಿ ಸಿಗುವ ಹೆಸರಿಗೆ ಕಾನೂನಿನ ಬೇಲಿ ಕುಳ್ಳಗೆ ಎಂಬುದು ಈ ವ್ಯಾಜ್ಯದ ಪಾಠ.

ಹಾಗಾದರೆ ತಾವೇ ಸೃಷ್ಟಿಸಿದ ಪದವಾದರೆ ನಿಶ್ಚಿಂತೆಯೇ? ಅದೂ ಇಲ್ಲ. ಜರ್ಮನಿಯ ಬೇಯರ್ ಕಂಪನಿ 1899ರಲ್ಲಿ ತಲೆನೋವಿನ ಮದ್ದೊಂದಕ್ಕೆ 'ಆಸ್ಪಿರಿನ್' ಎಂಬ ಹೊಸ ಹೆಸರು ಕಟ್ಟಿತು. ಆ ಮದ್ದಿನ ರಾಸಾಯನಿಕ ಹೆಸರು ಉದ್ದ, ನಾಲಿಗೆಗೆ ಒಗ್ಗದ್ದು. ಜನ ಆಸ್ಪಿರಿನ್ ಎಂಬುದೇ ಮದ್ದಿನ ಹೆಸರೆಂದುಕೊಂಡರು. ಅಮೆರಿಕದಲ್ಲಿ ಪೇಟೆಂಟ್ ಮುಗಿದು ಇತರರೂ ಅದನ್ನು ಮಾರತೊಡಗಿದಾಗ ವ್ಯಾಜ್ಯ ಹುಟ್ಟಿತು. ಕೊಳ್ಳುವ ಜನಸಾಮಾನ್ಯರಿಗೆ ಇದು ಮದ್ದಿನ ಹೆಸರೇ ಹೊರತು ಕಂಪನಿಯ ಗುರುತಲ್ಲ ಎಂದು 1921ರಲ್ಲಿ ಅಲ್ಲಿಯ ನ್ಯಾಯಾಲಯ ಹೇಳಿತು. ಮೆಟ್ಟಿಲು ತಾನೇ ಚಲಿಸುವ 'ಎಸ್ಕಲೇಟರ್' ಕೂಡ ಮೊದಲು ಓಟಿಸ್ ಕಂಪನಿಯ ಸ್ವಂತ ಹೆಸರಾಗಿತ್ತು. 1950ರಲ್ಲಿ ಅದೂ ಕೈಬಿಟ್ಟುಹೋಯಿತು. ಹಾಗಾಗಬಾರದೆಂದೇ ಜೆರಾಕ್ಸ್ ಕಂಪನಿ ತನ್ನ ಹೆಸರನ್ನು ನಕಲು ತೆಗೆಯುವ ಕ್ರಿಯೆಗೆ ಬಳಸಬೇಡಿರೆಂದು ಜಾಹೀರಾತುಗಳಲ್ಲಿ ಕೋರುತ್ತ ಬಂದಿದೆ. ತಾಲ್ಲೂಕು ಕಚೇರಿಗಳ ಎದುರಿನ 'ಜೆರಾಕ್ಸ್' ಬೋರ್ಡುಗಳಿಗೆ ಆ ಕೋರಿಕೆ ಮುಟ್ಟಿದಂತಿಲ್ಲ.

ಮತ್ತೆ ಹಾಲಿನ ಬೂತಿಗೆ ಬರೋಣ. ಜೆರಾಕ್ಸ್ ಕೇಳಿದವನಿಗೆ ಬೇರೆ ಕಂಪನಿಯ ಯಂತ್ರದ ನಕಲು ಕೊಟ್ಟರೆ ಅವನು ಮರುಮಾತಾಡದೆ ದುಡ್ಡು ಕೊಟ್ಟು ಹೋಗುತ್ತಾನೆ. ನಂದಿನಿ ಕೇಳಿದವರ ಕೈಗೆ ಬೇರೆ ಪೊಟ್ಟಣ ಇಟ್ಟರೆ ತಿರುಗಿಸಿ ನೋಡಿ, 'ಇದಲ್ಲ ಕಣಪ್ಪ, ನಂದಿನಿ' ಎನ್ನುತ್ತಾರೆ. ಹೆಸರು ಬದುಕಿದೆಯೇ, ಕರಗಿಹೋಗಿದೆಯೇ ಎಂದು ತಿಳಿಯಲು ಇದಕ್ಕಿಂತ ಸರಳ ಪರೀಕ್ಷೆಯಿಲ್ಲ. ಆ 'ಇದಲ್ಲ' ಎಂಬ ಮಾತನ್ನು ಅಕ್ಷರಗಳ ಜೋಡಣೆಯಿಂದ ಸಂಪಾದಿಸಲು ಆಗದು. ಎಲ್ಲ ಬಗೆಯಲ್ಲೂ ಚೊಕ್ಕವಾಗಿದ್ದ ಕೊಡಾಕ್ ಹೆಸರಿನ ಕಂಪನಿಯೇ 2012ರಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಬೇಕಾಯಿತು. ಹೆಸರಿಗೆ ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಒಳ್ಳೆಯ ಹೆಸರು ಗಿರಾಕಿಯನ್ನು ಒಮ್ಮೆ ಕರೆದು ತರಬಲ್ಲದು. ಮರುದಿನವೂ ಅವನು ಬರಬೇಕಾದರೆ ಪೊಟ್ಟಣದೊಳಗಿನ ಹಾಲು ಕೆಟ್ಟಿರಬಾರದು.