ಒಂಬತ್ತರ ಲೆಕ್ಕ

ಆಸ್ಟಿನ್‌ಗೆ ಹತ್ತಿರದ ಟೇಲರ್‌ನಲ್ಲಿ ನಮ್ಮ ಮನೆ. ಸುತ್ತಲೂ ಎರೆಮಣ್ಣು, ಹತ್ತಿ ಬೆಳೆದ ನೆಲ. ಹುಬ್ಬಳ್ಳಿ ಕಡೆಯವನಾದ ನನಗೆ ಹೊಸದೇನಲ್ಲ. ನನ್ನ 1967ರ ಎಂಜಿಬಿ ಕಾರಿನ ಬಾನೆಟ್ ಎತ್ತಿದರೂ ಅಷ್ಟೇ, ಅಂಬಾಸಿಡರ್ ಕಂಡವರಿಗೆ ಥಟ್ಟನೆ ಗುರುತು ಹತ್ತುತ್ತದೆ. ಎರಡೂ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್. ಅದು 1489 ಸಿಸಿ, ಇದು 1798. ಪಿಸ್ಟನ್ ಏರಿಳಿಯುವ ದೂರ ಎರಡರಲ್ಲೂ 88.9 ಮಿಲಿಮೀಟರೇ, ಇದರ ಸಿಲಿಂಡರ್ ಅಗಲ ಹೆಚ್ಚು, ಅಷ್ಟೇ.

ವಾಲ್ವನ್ನು ಒತ್ತಿ ತೆರೆಯುವುದು ರಾಕರ್. ವಾಲ್ವ್ ಮುಚ್ಚಿದ್ದಾಗ ಅದರ ಕಾಂಡಕ್ಕೂ ರಾಕರಿಗೂ ನಡುವೆ ಸಣ್ಣ ಸಂದು ಇರಲೇಬೇಕು. ನನ್ನ ಕಾರಿಗೆ, ಎಂಜಿನ್ ತಣ್ಣಗಿದ್ದಾಗ, 15 ಥೌ, ಅಂದರೆ 0.38 ಮಿ.ಮೀ. ಸಂದು ಹೆಚ್ಚಾದರೆ ಟಕಟಕ ಸಪ್ಪಳ. ಕಡಿಮೆಯಾದರೆ ಸಪ್ಪಳವಿಲ್ಲ, ಆದರೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಕಾವನ್ನು ಬಹುಪಾಲು ಸೀಟಿಗೆ ದಾಟಿಸುವುದೇ ಮುಚ್ಚಿಕೊಂಡಿರುವ ಹೊತ್ತಿನಲ್ಲಿ. ಅದು ತಪ್ಪಿದರೆ ಅಂಚು ಸುಟ್ಟುಹೋಗುತ್ತದೆ. "ಸಪ್ಪಳ ಮಾಡೋ ಟ್ಯಾಪೆಟ್ಟಿಗೆ ಹೆದರಬ್ಯಾಡೋ ತಮ್ಮಾ, ಸುಮ್ಮನಾಗಿದ್ದಕ್ಕ ಹೆದರು" ಎಂದು ಹುಬ್ಬಳ್ಳಿಯ ಗ್ಯಾರೇಜಿನ ಮೇಸ್ತ್ರಿ ಹೇಳುತ್ತಿದ್ದರು.

ಈಗ ಆ ಮಾತಿಗೆ ಇನ್ನಷ್ಟು ತೂಕ. ಹಳೆಯ ಪೆಟ್ರೋಲಿನಲ್ಲಿದ್ದ ಸೀಸ ಬೀಡಿನ ಹೆಡ್‌ನ ವಾಲ್ವ್ ಸೀಟು ಸವೆಯದಂತೆ ಕಾಯುತ್ತಿತ್ತು. ಅಮೆರಿಕದ ರಸ್ತೆವಾಹನಗಳಿಗೆ 1996ರಿಂದ ಅಂಥ ಪೆಟ್ರೋಲ್ ನಿಷಿದ್ಧ. ಭಾರತದಲ್ಲಿ 2000ದಲ್ಲಿ ನಿಂತಿತು. ಸೀಟು ಗಟ್ಟಿ ಲೋಹದ್ದಲ್ಲದಿದ್ದರೆ, ಹ್ಯೂಸ್ಟನ್‌ವರೆಗೆ ಹೆದ್ದಾರಿಯಲ್ಲಿ ಒಂದೇ ಸಮ ಜೋರಾಗಿ ಓಡಿಸಿದಾಗ ಅದು ಸವೆದು, ವಾಲ್ವ್ ಒಳಸರಿದು, ಸಂದು ತಾನಾಗಿ ಕಿರಿದಾಗುತ್ತದೆ. ಹಾಗಾಗಿ ಪ್ರತಿ ಸಲ ಹಿಡಿದ ಅಳತೆಯನ್ನು ಬರೆದಿಡುತ್ತೇನೆ. ಅದೇ ವಾಲ್ವ್ ಮತ್ತೆ ಮತ್ತೆ ಬಿಗಿಯಾದರೆ ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ, ಹೆಡ್ ಬಿಚ್ಚಬೇಕು.

ಸಂದು ಹೊಂದಿಸುವ ಕೆಲಸ ಸುಲಭ. ಪ್ಲಗ್ ತೆಗೆದು, ನಾಲ್ಕನೇ ಗೇರಿಗೆ ಹಾಕಿ, ಸಮತಟ್ಟು ಜಾಗದಲ್ಲಿ ಕಾರನ್ನು ತುಸು ತುಸು ತಳ್ಳಿದರೆ ಎಂಜಿನ್ ತಿರುಗುತ್ತದೆ. ಯಾವ ವಾಲ್ವ್ ಯಾವಾಗ ಎಂಬುದಕ್ಕೆ ಒಂಬತ್ತರ ಲೆಕ್ಕ: ಮುಂದಿನಿಂದ ಎಣಿಸಿ, ಎಂಟನೆಯದು ಪೂರ್ತಿ ತೆರೆದಾಗ ಒಂದನೆಯದನ್ನು ಹೊಂದಿಸಿ, ಆರು ತೆರೆದಾಗ ಮೂರು, ನಾಲ್ಕು ತೆರೆದಾಗ ಐದು. ಕೂಡಿದರೆ ಸದಾ ಒಂಬತ್ತು. ಫೀಲರ್ ಗೇಜಿನ ಎಸಳು ಹೊಸ ನೋಟಿನ ಕಟ್ಟಿನಿಂದ ಒಂದನ್ನು ಎಳೆದಂತೆ ಬರಬೇಕು. ಲಾಕ್‌ನಟ್ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಬಿಗಿಯುವಾಗ ಸ್ಕ್ರೂ ಸರಿದಿರುತ್ತದೆ.

ಗೇಜೂ ಸುಳ್ಳು ಹೇಳುವುದುಂಟು. ವಾಲ್ವ್ ತಾಗುವ ಕಡೆ ಹಳೆಯ ರಾಕರಿನಲ್ಲಿ ಗುಳಿ ಬಿದ್ದಿರುತ್ತದೆ. ಚಪ್ಪಟೆ ಎಸಳು ಆ ಗುಳಿಯೊಳಗೆ ಇಳಿಯದೆ ಅದರ ಅಂಚಿನ ಮೇಲೇ ಕೂರುತ್ತದೆ. ಗೇಜು ಹದಿನೈದು ಅಂದರೂ ನಿಜವಾದ ಸಂದು ಇಪ್ಪತ್ತು ದಾಟಿರಬಹುದು. ಎಷ್ಟು ಹೊಂದಿಸಿದರೂ ಸಪ್ಪಳ ಹೋಗದಿದ್ದರೆ ಮೊದಲು ರಾಕರಿನ ತಳವನ್ನು ಉಗುರಿನಿಂದ ಸವರಿ ನೋಡಿ.