ಬಾಸ್ಕ್ ನಾಡಿನ ಹೊಸಮನೆಗಳು

ಮೇ ಕೊನೆಯ ಶಾಲಾ ರಜೆಗೆ ಎಲ್ಲಿಗೆ ಹೋಗುವುದೆಂದು ನಮ್ಮ ಮನೆಯಲ್ಲಿ ಎರಡು ವಾರ ಚರ್ಚೆ ನಡೆಯಿತು. ಮಗಳಿಗೆ ಸಮುದ್ರ ಬೇಕು, ನನ್ನಾಕೆಗೆ ನಡೆಯಲು ಗುಡ್ಡ ಬೇಕು, ನನಗೆ ಹಳೆಯ ಕಟ್ಟಡಗಳು ಬೇಕು. ಮೂರೂ ಒಂದೇ ಕಡೆ ಸಿಗುವ ಜಾಗವೆಂದು ಸ್ಪೇನಿನ ಉತ್ತರಕ್ಕಿರುವ ಬಾಸ್ಕ್ ನಾಡನ್ನು ಆರಿಸಿದೆವು. ಲಂಡನ್ನಿನಿಂದ ಬಿಲ್ಬಾವೊಗೆ ವಿಮಾನದಲ್ಲಿ ಸುಮಾರು ಎರಡು ಗಂಟೆ. ಹೆಚ್ಚಿನವರು ಅಲ್ಲಿನ ಗುಗೆನ್‌ಹೈಮ್ ಮ್ಯೂಸಿಯಂ ನೋಡಿ ಮರಳುತ್ತಾರೆ. ನಾವು ಬಾಡಿಗೆ ಕಾರು ಹಿಡಿದು ಹಳ್ಳಿಯ ದಾರಿ ಹಿಡಿದೆವು.

ಸ್ಪೇನ್ ಎಂದರೆ ಸುಡುಬಿಸಿಲು ಎಂದುಕೊಂಡು ಹೋದವರನ್ನು ಮಳೆ ಸ್ವಾಗತಿಸಿತು. ಜಿಟಿಜಿಟಿ ಮಳೆಗೆ ಅಲ್ಲಿಯವರು 'ಸಿರಿಮಿರಿ' ಎನ್ನುತ್ತಾರೆ. ಹಸಿರು ಗುಡ್ಡ, ಕಣಿವೆಯಲ್ಲಿ ಮಂಜು, ಅಲ್ಲೊಂದು ಇಲ್ಲೊಂದು ಒಂಟಿ ಮನೆ. ನಮ್ಮ ಸಾಗರದ ಕಡೆಯ ಶ್ರಾವಣ ನೆನಪಾಯಿತು. ಇಂಬಳ ಮಾತ್ರ ಇರಲಿಲ್ಲ!

ಆ ಒಂಟಿ ಮನೆಗಳಿಗೆ 'ಬಸೆರಿ' ಎಂದು ಹೆಸರು. ಗಿಪುಸ್ಕೋವಾ ಪ್ರಾಂತ್ಯದ ಎಸ್ಕಿಯೊ ಎಂಬಲ್ಲಿ 16ನೇ ಶತಮಾನದ ಇಗಾರ್ತುಬೇಯ್ತಿ ಎಂಬ ಬಸೆರಿಯನ್ನು ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ. ಕೆಳಗೆ ಅಡುಗೆಮನೆ, ಅದರ ಪಕ್ಕದಲ್ಲೇ ಕೊಟ್ಟಿಗೆ. ಮೇಲಿನ ಅಂತಸ್ತಿನಲ್ಲಿ ಸೇಬಿನ ರಸ ಹಿಂಡುವ ದೊಡ್ಡ ಮರದ ಗಾಣ. ಗಾಣವನ್ನು ಮನೆಯೊಳಗೆ ಇಟ್ಟಿದ್ದಾರೆ ಅನ್ನುವುದಕ್ಕಿಂತ ಗಾಣದ ಸುತ್ತ ಮನೆ ಕಟ್ಟಿದ್ದಾರೆ ಅನ್ನುವುದೇ ಸರಿ. ಆ ರಸ ಹುಳಿ ಬಂದರೆ ಸೈಡರ್.

ನಾವು ಉಳಿದುಕೊಂಡದ್ದೂ ಒಂದು ಬಸೆರಿಯಲ್ಲೇ. ಬಾಗಿಲಿಗೆ ಒಣಗಿದ ಮುಳ್ಳುಗಿಡದ ಹೂವೊಂದನ್ನು ಮೊಳೆ ಹೊಡೆದು ಸಿಕ್ಕಿಸಿದ್ದರು. ಹೆಸರು 'ಎಗುಸ್ಕಿಲೋರೆ', ಅಂದರೆ ಸೂರ್ಯನ ಹೂವು. ರಾತ್ರಿ ಬರುವ ದುಷ್ಟಶಕ್ತಿ ಅದರ ಎಸಳುಗಳನ್ನು ಪೂರ್ತಿ ಎಣಿಸದೆ ಒಳಗೆ ಬರುವಂತಿಲ್ಲವಂತೆ. ಎಣಿಸಿ ಮುಗಿಸುವಷ್ಟರಲ್ಲಿ ಬೆಳಗಾಗುತ್ತದೆ, ಅದು ಓಡಿಹೋಗುತ್ತದೆ. ನಮ್ಮೂರ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದುದನ್ನು ಮಗಳಿಗೆ ಹೇಳಿದೆ. "ಹಾಗಾದ್ರೆ ನಮ್ಮ ದೆವ್ವಕ್ಕೆ ಓದೋಕೆ ಬರುತ್ತೆ, ಇವರದಕ್ಕೆ ಲೆಕ್ಕ ಬರುತ್ತೆ" ಎಂದಳು.

ಸೋಮವಾರ ಗೆರ್ನಿಕಾಕ್ಕೆ ಹೋದೆವು. ಪಿಕಾಸೊನ ಚಿತ್ರದಿಂದ ಈ ಹೆಸರು ನಿಮಗೆ ಗೊತ್ತಿರಬಹುದು. 1937ರ ಏಪ್ರಿಲ್ 26, ಅಂದೂ ಸಂತೆಯ ಸೋಮವಾರ. ಫ್ರಾಂಕೊನ ಪರವಾಗಿ ಬಂದ ಜರ್ಮನ್ ಮತ್ತು ಇಟಾಲಿಯನ್ ವಿಮಾನಗಳು ಬಾಂಬು ಸುರಿದು ಊರನ್ನು ಸುಟ್ಟವು. ಆದರೆ ಬಿಸ್ಕಾಯ ಪ್ರಾಂತ್ಯದ ಸಭಾಭವನ ಮತ್ತು ಅದರ ಪಕ್ಕದ ಓಕ್ ಮರ ಉಳಿದುಕೊಂಡವು. ಈ ನಾಡನ್ನು ಆಳುವವರು ಆ ಮರದ ಕೆಳಗೆ ನಿಂತು, ಜನರ ಹಕ್ಕುಗಳನ್ನು ಕಾಯುತ್ತೇವೆಂದು ಪ್ರಮಾಣ ಮಾಡುವ ಪದ್ಧತಿ ಇತ್ತು. ಇಂದು ಇರುವುದು ಆಗಿನ ಮರವಲ್ಲ. ಒಂದು ಒಣಗಿದರೆ ಅದರದೇ ಸಂತತಿಯ ಇನ್ನೊಂದನ್ನು ನೆಡುತ್ತಾರೆ. ಈಗಿನದನ್ನು ನೆಟ್ಟದ್ದು 2015ರಲ್ಲಿ. ಹಿಂದಿನ ಮರವೊಂದರ ಮೊಂಡು ಕಾಂಡವನ್ನು ಕಂಬಗಳ ಮಂಟಪದಲ್ಲಿ ಇಟ್ಟಿದ್ದಾರೆ. ಸೋಮವಾರದ ಸಂತೆ ಈಗಲೂ ನಡೆಯುತ್ತದೆ.

ಗೆರ್ನಿಕಾ ಸುತ್ತಲಿನ ಉರ್ದಾಯ್ಬಾಯ್ ಕಣಿವೆ 1984ರಿಂದ ಯುನೆಸ್ಕೊ ಜೀವಗೋಳ ಮೀಸಲು ಪ್ರದೇಶ. ಅಲ್ಲಿನ ಸಾಂತಿಮಾಮಿನ್ಯೆ ಗುಹೆಯಲ್ಲಿ ಹಿಮಯುಗದ ಜನ ಬಿಡಿಸಿದ ಕಾಡುಕೋಣ, ಕುದುರೆಗಳ ಚಿತ್ರಗಳಿವೆ. ಚಿತ್ರಗಳು ಹಾಳಾಗಬಾರದೆಂದು ಆ ಭಾಗಕ್ಕೆ ಬಿಡುವುದಿಲ್ಲ, ಕಂಪ್ಯೂಟರಿನ ಮೂರು ಆಯಾಮದ ಚಿತ್ರದಲ್ಲಿ ತೋರಿಸುತ್ತಾರೆ. ಹತ್ತಿರದ ಓಮಾ ಕಾಡಿನಲ್ಲಿ ಅಗುಸ್ಟಿನ್ ಇಬರೋಲಾ ಎಂಬ ಕಲಾವಿದ 1980ರ ದಶಕದಲ್ಲಿ ಪೈನ್ ಮರಗಳ ಕಾಂಡಗಳಿಗೇ ಬಣ್ಣ ಬಳಿದಿದ್ದರು. ಸರಿಯಾದ ಜಾಗದಲ್ಲಿ ನಿಂತು ನೋಡಿದರೆ ಬಿಡಿ ಬಿಡಿ ಮರಗಳ ಬಣ್ಣ ಕೂಡಿಕೊಂಡು ಒಂದೇ ಚಿತ್ರವಾಗುತ್ತದೆ. ಮರಗಳಿಗೆ ರೋಗ ಬಂದಾಗ ಆ ಚಿತ್ರಗಳನ್ನು ಪಕ್ಕದಲ್ಲೇ ಬೇರೆ ಮರಗಳ ಮೇಲೆ ಮತ್ತೆ ಬಿಡಿಸಿ 2023ರಲ್ಲಿ ತೆರೆದರು. ಮಕ್ಕಳಿರುವವರು ಇದನ್ನು ತಪ್ಪಿಸಬೇಡಿ.

ಇನ್ನು ಭಾಷೆ. ಇವರ ಭಾಷೆ ಎವುಸ್ಕಾರಾ. ಜಗತ್ತಿನ ಬೇರೆ ಯಾವ ಭಾಷೆಯೊಂದಿಗೂ ಇದರ ನಂಟು ಸಾಬೀತಾಗಿಲ್ಲ, ಕನ್ನಡದೊಂದಿಗೂ ಇಲ್ಲ. ಆದರೆ ಅದರ ನಡಿಗೆ ನಮಗೆ ಪರಿಚಿತ. 'ಎಚೆ' ಎಂದರೆ ಮನೆ. 'ಎಚೆಯನ್' ಮನೆಯಲ್ಲಿ, 'ಎಚೆರಾ' ಮನೆಗೆ, 'ಎಚೆತಿಕ್' ಮನೆಯಿಂದ. ನಮ್ಮಂತೆಯೇ ಪ್ರತ್ಯಯ ಹಿಂದೆ ಬರುತ್ತದೆ. ತಾಯಿಗೆ 'ಅಮಾ'. ಫ್ರಾಂಕೊನ ಆಳ್ವಿಕೆಯಲ್ಲಿ ಮಕ್ಕಳಿಗೆ ಬಾಸ್ಕ್ ಹೆಸರಿಡುವುದಕ್ಕೂ ತಡೆ ಇತ್ತು. 1960ರ ದಶಕದಲ್ಲಿ ತಂದೆತಾಯಿಗಳೇ ಸೇರಿ 'ಇಕಾಸ್ತೋಲಾ' ಎಂಬ ಶಾಲೆಗಳನ್ನು ಬೆಳೆಸಿದರು. ಇಂದು ಬಾಸ್ಕ್ ಸ್ವಾಯತ್ತ ಪ್ರದೇಶದ ಹೆಚ್ಚಿನ ಮಕ್ಕಳು ಎವುಸ್ಕಾರಾ ಮಾಧ್ಯಮದಲ್ಲಿ ಓದುತ್ತಾರೆ. ಆದರೂ ಆಟದ ಬಯಲಲ್ಲಿ ಸ್ಪ್ಯಾನಿಷ್ ಕೇಳಿಸುತ್ತದೆ ಎಂದು ನಮ್ಮ ಮನೆಯೊಡತಿ ನಿಟ್ಟುಸಿರಿಟ್ಟರು. ಕನ್ನಡ ಕಲಿ ತರಗತಿ ಮುಗಿಸಿ ಕಾರು ಹತ್ತುತ್ತಲೇ ಇಂಗ್ಲಿಷಿಗೆ ಇಳಿಯುವ ನಮ್ಮ ಮಕ್ಕಳು ಕಣ್ಣ ಮುಂದೆ ಬಂದರು.

ಆಕೆಯ ಮನೆತನದ ಹೆಸರು ಎಚೆಬೆರಿಯಾ. 'ಬೆರಿ' ಎಂದರೆ ಹೊಸದು. ಅಂದರೆ ಹೊಸಮನೆ! ನಾನು ಕುಳಿತಲ್ಲಿಂದ ಎದ್ದುಬಿಟ್ಟೆ, ಯಾಕೆಂದರೆ ನನ್ನ ಪಾಸ್‌ಪೋರ್ಟಿನಲ್ಲೂ ಇರುವುದು ಹೊಸಮನೆ. ಇಲ್ಲಿ ಮನೆಗೆ ಜನರ ಹೆಸರಲ್ಲ, ಜನರಿಗೇ ಮನೆಯ ಹೆಸರು. ಇನ್ನೂ ಸೋಜಿಗವೆಂದರೆ, ಮಂಗಳೂರು ಕಡೆ ನಾವು ದಿನಾ ಕೇಳುವ ಕ್ಸೇವಿಯರ್ ಎಂಬ ಹೆಸರಿನ ಮೂಲವೂ ಇದೇ 'ಎಚೆ ಬೆರಿ'. ಸಂತ ಫ್ರಾನ್ಸಿಸ್ ಕ್ಸೇವಿಯರ್ 1506ರಲ್ಲಿ ಹುಟ್ಟಿದ್ದು ನವಾರದ ಹಾವಿಯೆರ್ ಕೋಟೆಮನೆಯಲ್ಲಿ. 1542ರಲ್ಲಿ ಗೋವಾ ತಲುಪಿದ ಆತನ ದೇಹ ಇಂದಿಗೂ ಹಳೆ ಗೋವಾದ ಚರ್ಚಿನಲ್ಲಿದೆ. ನಾಲ್ಕನೆಯ ದಿನ ಆ ಕೋಟೆಯನ್ನೂ, ಅದಕ್ಕೆ ಹತ್ತಿರದ ಲುಂಬಿಯೆರ್ ಕಮರಿಯನ್ನೂ ನೋಡಿದೆವು. ಹಳೆಯ ರೈಲು ಹಳಿ ಕಿತ್ತ ದಾರಿ, ಎರಡು ಕತ್ತಲೆ ಸುರಂಗ, ಮೇಲೆ ಸುತ್ತುವ ರಣಹದ್ದುಗಳು. ಸಮತಟ್ಟು ದಾರಿ, ಅಜ್ಜ-ಅಜ್ಜಿಯರೂ ನಡೆಯಬಹುದು.

ಆ ಬಸೆರಿಯಲ್ಲಿ ಕೇಳಿದ ಒಂದು ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಇಲ್ಲಿ ಹಿಂದಿನಿಂದಲೂ ಮನೆ-ಜಮೀನನ್ನು ಪಾಲು ಮಾಡದೆ ಒಬ್ಬ ಮಗನಿಗೋ ಮಗಳಿಗೋ ಇಡಿಯಾಗಿ ಕೊಡುವ ರೂಢಿ. ಉಳಿದವರು ಹಡಗಿಗೋ, ಚರ್ಚಿಗೋ, ಅಮೆರಿಕಕ್ಕೋ ಹೋಗುತ್ತಿದ್ದರು. ಹೊರಟವರಿಗೆ ಕಷ್ಟದ ಪದ್ಧತಿಯೇ ಸರಿ, ಆದರೆ ಮನೆ ಉಳಿಯಿತು.

ಹೊರಡುವ ಮುಂಚಿನ ವಾರವಷ್ಟೇ ಊರಿನಿಂದ ತಮ್ಮ ಫೋನ್ ಮಾಡಿದ್ದ. "ಅಣ್ಣಾ, ಮನೆ ಕೊಳ್ಳೋಕೆ ಜನ ಬಂದಿದಾರೆ. ನಿನ್ನ ಹಿಸ್ಸೆ ದುಡ್ಡು ಕೊಡೋ ಶಕ್ತಿ ನನಗಿಲ್ಲ. ಮಾರಿ ಹಂಚ್ಕೊಳ್ಳೋಣ." ಅಪ್ಪನ ಮನೆ ಮಾರುವುದು ಬೇಡವೆಂದು ನಾನು ಸಿಟ್ಟಾಗಿದ್ದೆ. ಹದಿನೆಂಟು ವರ್ಷಗಳಿಂದ ಹಂಚು ಸರಿಸಿ, ದನ ಕಟ್ಟಿ, ಅಮ್ಮನನ್ನು ನೋಡಿಕೊಂಡವನು ಅವನು. ಬೇಡ ಎಂದವನು ಲಂಡನ್ನಿನಲ್ಲಿ ಕುಳಿತ ನಾನು!

ವಾಪಸು ಬಂದ ಮರುದಿನ ಅವನಿಗೆ ಫೋನ್ ಮಾಡಿ, ನನ್ನ ಪಾಲು ಬೇಡ, ಹಕ್ಕು ಬಿಡುಗಡೆ ಪತ್ರ ಮಾಡಿಕೊಡುತ್ತೇನೆ ಎಂದೆ. ಇಟ್ಟುಕೊಳ್ಳುವುದೂ ಮಾರುವುದೂ ಇನ್ನು ಅವನಿಗೇ ಬಿಟ್ಟದ್ದು. ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಈ ಮಳೆಗಾಲಕ್ಕೆ ಮೊದಲು ಹಿಂದಿನ ಸೂರು ರಿಪೇರಿ ಮಾಡಿಸ್ತೀನಿ ಹಾಗಾದ್ರೆ" ಎಂದ.

ಹೋಗುವವರಿಗೆ ಕೆಲವು ಸೂಚನೆ: ಸಮುದ್ರದ ಬಂಡೆಯ ಮೇಲಿನ ಗಸ್ತೆಲುಗಾಚೆ ಗುಡಿಗೆ 241 ಮೆಟ್ಟಿಲು. ಹತ್ತಿದವರು ಗಂಟೆಯನ್ನು ಮೂರು ಸಲ ಬಾರಿಸುವ ವಾಡಿಕೆ. ಜನ ಹೆಚ್ಚಿರುವ ತಿಂಗಳುಗಳಲ್ಲಿ ಮೊದಲೇ ಉಚಿತ ಟಿಕೆಟ್ ಕಾದಿರಿಸಬೇಕು. ದೂರದ ಕಾಲುದಾರಿಗಳಿಗೆ ಬಿಳಿ-ಕೆಂಪು, ಚಿಕ್ಕವಕ್ಕೆ ಬಿಳಿ-ಹಳದಿ ಗುರುತು. ಸಾಂತಿಯಾಗೊ ಯಾತ್ರೆಯ ದಾರಿಗೆ ಹಳದಿ ಬಾಣ. ಸಸ್ಯಾಹಾರಿಗಳು ಹಸಿದಿರಬೇಕಿಲ್ಲ: ಎಣ್ಣೆಯಲ್ಲಿ ಕರಿದು ಉಪ್ಪು ಉದುರಿಸಿದ ಗೆರ್ನಿಕಾ ಹಸಿಮೆಣಸು ಮತ್ತು ಕೈಯಲ್ಲಿ ತಟ್ಟಿ ಬೇಯಿಸುವ ಮುಸುಕಿನ ಜೋಳದ ರೊಟ್ಟಿ 'ತಾಲೊ'. ಚಟ್ನಿಪುಡಿ ಮಾತ್ರ ನೀವೇ ಒಯ್ಯಿರಿ. ಧನ್ಯವಾದಕ್ಕೆ 'ಎಸ್ಕೆರಿಕ್ ಆಸ್ಕೊ' ಎನ್ನಿ. ಅವರ ಮುಖ ಅರಳುವುದನ್ನು ನೋಡಿ.