ವಿದ್ಯಾರ್ಥಿ ಸಂಘದ ಪಟ್ಟಿಯಲ್ಲಿ ಇಲ್ಲದ ಹೆಸರುಗಳು

ಪದವಿ ತರಗತಿಗಳು ಆರಂಭವಾದ ಕೆಲವು ವಾರಗಳಲ್ಲಿ ಕಾಲೇಜಿನ ಸೂಚನಾ ಫಲಕದ ಮೇಲೆ ತರಗತಿ ಪ್ರತಿನಿಧಿಗಳ ಹಾಗೂ ವಿದ್ಯಾರ್ಥಿ ಸಂಘದ ಪದಾಧಿಕಾರಿಗಳ ಪಟ್ಟಿ ಕಾಣಿಸಿಕೊಳ್ಳುತ್ತದೆ. ಮನೆಗಳಲ್ಲಿ ಆ ಸುದ್ದಿಗೆ ದೊರೆಯುವ ಗಮನ ಅತ್ಯಲ್ಪ. "ಓದುವುದನ್ನು ಬಿಟ್ಟು ಆ ಉಸಾಬರಿ ಏಕೆ?" ಎಂದು ಗದರುವ ತಂದೆಯೂ, "ನಮ್ಮ ಹುಡುಗನೇ ಕಾರ್ಯದರ್ಶಿಯಂತೆ" ಎಂದು ಹಿಗ್ಗುವ ತಾಯಿಯೂ ನಮ್ಮಲ್ಲಿದ್ದಾರೆ. ಆದರೆ ಆ ಪಟ್ಟಿಯಲ್ಲಿ ಯಾರ ಹೆಸರಿಲ್ಲ ಎಂಬುದನ್ನು ನೋಡುವವರು ವಿರಳ.

ನೋಡಬೇಕಾದ ಕಾರಣವಿದೆ. ಗ್ರಂಥಾಲಯ ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರಬೇಕು, ಹಳ್ಳಿಯ ಬಸ್ಸಿಗೆ ಹೊಂದುವಂತೆ ತರಗತಿಯ ವೇಳೆ ಬದಲಾಗಬೇಕೇ, ವಿದ್ಯಾರ್ಥಿವೇತನ ತಡವಾದರೆ ಪ್ರಾಂಶುಪಾಲರಲ್ಲಿ ಯಾರು ಕೇಳಬೇಕು ಎಂಬ ಮಾತುಗಳೆಲ್ಲ ಅಲ್ಲಿಯೇ ಮೊದಲು ಏಳುತ್ತವೆ. ವಿದ್ಯಾರ್ಥಿವೇತನವನ್ನೇ ನಂಬಿ ಬಂದ ಹುಡುಗನಾಗಲಿ, ಸೂರ್ಯ ಮುಳುಗುವ ಮುನ್ನ ಊರು ಸೇರಬೇಕಾದ ಹುಡುಗಿಯಾಗಲಿ ಆ ಸಂಘದಲ್ಲಿ ಇಲ್ಲದಿದ್ದರೆ ಅವರ ತೊಂದರೆ ಅಲ್ಲಿ ತೊಂದರೆಯೆಂದೇ ಎಣಿಕೆಯಾಗುವುದಿಲ್ಲ.

ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ಚರಿತ್ರೆಯೇ ಇದೆ. 1973ರ ನವೆಂಬರಿನಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂಬ ಅರ್ಥದ ಮಾತನ್ನಾಡಿದರು. ರಾಜ್ಯದ ಕಾಲೇಜುಗಳು ಹೊತ್ತಿಕೊಂಡವು. ಮಾತಿನ ಸರಿತಪ್ಪನ್ನು ಸಾಹಿತಿಗಳು ವಿಚಾರಿಸಲಿ. ನಮಗಿಲ್ಲಿ ಮುಖ್ಯವಾದುದು ಬೇರೆ. ಮೆರವಣಿಗೆ ಹೊರಟ ವಿದ್ಯಾರ್ಥಿಗಳ ಹಿಂದೆ ಬಹುಸಂಖ್ಯೆಯ ಬಲವಿತ್ತು. ಸಚಿವರ ಪರ ನಿಂತ ದಲಿತ ವಿದ್ಯಾರ್ಥಿಗಳಿಗೆ ತಮ್ಮ ವಿದ್ಯಾರ್ಥಿನಿಲಯಗಳ ಗೋಡೆಗಳಲ್ಲದೆ ಬೇರೆ ಆಸರೆ ಇರಲಿಲ್ಲ. ಹಲವೆಡೆ ಅವರು ಪೆಟ್ಟು ತಿಂದರು. ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಎಲ್ಲರ ಹೆಸರಿನಲ್ಲಿ ನಡೆಯುವ ಸಂಘಗಳಲ್ಲಿ ತಮ್ಮ ಮಾತಿಗೆ ಸ್ಥಳವಿಲ್ಲವೆಂಬುದು ಆ ತರುಣರಿಗೆ ಆಗ ಮನದಟ್ಟಾಯಿತು. ಮುಂದೆ ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಹರಿಹರದ ಪ್ರೊ. ಬಿ. ಕೃಷ್ಣಪ್ಪನವರ ಸಂಚಾಲಕತ್ವದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಕಬ್ಬಿಣದ ಕಾರ್ಖಾನೆಯ ಊರಿನಲ್ಲಿ ಹುಟ್ಟಿದ ಆ ಸಂಘಟನೆ ನಾಡಿನ ರಾಜಕಾರಣವನ್ನೇ ಬದಲಿಸಿತೆಂಬುದನ್ನು ಅದರ ವಿರೋಧಿಗಳೂ ಅಲ್ಲಗಳೆಯಲಾರರು.

ಸಮಾಜ ಬಾಂಧವರಲ್ಲಿ ಕೆಲವರಿಗೆ ಈ ಪ್ರಸ್ತಾಪ ಇಲ್ಲೇಕೆ ಎನಿಸಬಹುದು. ಅವರು ಇನ್ನೂ ಅರ್ಧ ಶತಮಾನ ಹಿಂದಕ್ಕೆ ಹೋಗಿ ನೋಡಲಿ. ಮೈಸೂರು ಸಂಸ್ಥಾನದಲ್ಲಿ ಅಂದು ಸರ್ಕಾರಿ ಹುದ್ದೆಗಳು ಬಹುಪಾಲು ಒಂದೇ ವರ್ಗದವರ ಕೈಯಲ್ಲಿದ್ದವು. 1917ರಲ್ಲಿ ಪ್ರಜಾಮಿತ್ರ ಮಂಡಲಿ ಸ್ಥಾಪನೆಯಾದಾಗ ಒಕ್ಕಲಿಗರು ಹಾಗೂ ಮುಸಲ್ಮಾನರೊಡನೆ ಲಿಂಗಾಯತರೂ ಅದರಲ್ಲಿದ್ದರು. ತಮಗೂ ಪಾಲು ಬೇಕೆಂದು ಅವರೆಲ್ಲ ನಾಲ್ವಡಿ ಕೃಷ್ಣರಾಜ ಒಡೆಯರಲ್ಲಿ ಬಿನ್ನವಿಸಿಕೊಂಡ ಫಲವಾಗಿ 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಕವಾಯಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಭಾಗದಷ್ಟು ಹಿಂದುಳಿದ ಸಮುದಾಯಗಳಿಗೆ ದೊರೆಯಬೇಕೆಂಬುದು ಅದರ ಸಲಹೆ. ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಅರ್ಹತೆಗೆ ಧಕ್ಕೆಯಾಗುವುದೆಂದು ಒಪ್ಪದೆ ಅಧಿಕಾರ ಬಿಟ್ಟರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಅದೇ ಮಹನೀಯರ ಕನಸಿನ ಕೂಸು ಎಂಬುದು ಚರಿತ್ರೆಯ ವಿನೋದ! ಅಂದು "ಅರ್ಹತೆಯೊಂದೇ ಸಾಕು" ಎಂಬ ವಾದಕ್ಕೆ ನಮ್ಮ ಹಿರಿಯರು ಕೊಟ್ಟ ಉತ್ತರವನ್ನೇ ಇಂದು ಬೇರೆಯವರು ನಮಗೆ ಕೊಡುತ್ತಿದ್ದಾರೆ.

ಈಗ ಕಾಲೇಜಿನ ಲೆಕ್ಕಕ್ಕೆ ಬರೋಣ. ಒಂದು ತರಗತಿಯಲ್ಲಿ 60 ವಿದ್ಯಾರ್ಥಿಗಳಿದ್ದು 4 ಮಂದಿ ಪ್ರತಿನಿಧಿಗಳನ್ನು ಆರಿಸಬೇಕೆನ್ನೋಣ. ಪ್ರತಿಯೊಬ್ಬರಿಗೂ ನಾಲ್ಕು ಮತ. 45 ಮಂದಿ ಒಂದು ಕಡೆಯವರಾದರೆ ನಾಲ್ಕೂ ಸ್ಥಾನ ಅವರವೇ; ಉಳಿದ 15 ಮಂದಿಗೆ ಸೊನ್ನೆ. ಮೋಸ ನಡೆದಿಲ್ಲ, ನಿಯಮ ಮುರಿದಿಲ್ಲ. ಆದರೂ ಕಾಲುಭಾಗ ತರಗತಿಗೆ ದನಿಯಿಲ್ಲ. ಇದೇ ಚುನಾವಣೆಯನ್ನು ಪ್ರಾಶಸ್ತ್ಯ ಮತದಿಂದ ನಡೆಸಿ ನೋಡಿ. ನಮ್ಮ ನೈರುತ್ಯ ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ 1, 2, 3 ಎಂದು ಬರೆಯುವ ಕ್ರಮ ಹೊಸದಲ್ಲ. ಒಂದಕ್ಕಿಂತ ಹೆಚ್ಚು ಸ್ಥಾನಗಳಿದ್ದಾಗ, ರಾಜ್ಯಸಭೆಯ ಚುನಾವಣೆಯಲ್ಲಿ ನಡೆಯುವಂತೆ, ಮತಸಂಖ್ಯೆಯನ್ನು ಸ್ಥಾನಗಳಿಗಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಭಾಗಿಸಿ ಒಂದನ್ನು ಕೂಡಿಸಿದರೆ ಗೆಲುವಿನ ಪ್ರಮಾಣ ದೊರೆಯುತ್ತದೆ. 60ನ್ನು 5ರಿಂದ ಭಾಗಿಸಿದರೆ 12. ಒಂದು ಕೂಡಿಸಿ 13. ಆ 15 ಮಂದಿ ಒಮ್ಮತದಿಂದಿದ್ದರೆ ಒಂದು ಸ್ಥಾನ ಅವರದಾಗುತ್ತದೆ, ಉಳಿದ ಮೂರು 45 ಮಂದಿಯ ಪಾಲು. ಮೀಸಲಾತಿಯ ಹೆಸರೆತ್ತದೆಯೇ ನ್ಯಾಯ ಸಲ್ಲುವ ಮಾರ್ಗವಿದು. ಬ್ರಿಟನ್ನಿನ ಅನೇಕ ವಿದ್ಯಾರ್ಥಿ ಸಂಘಗಳು ಈ ಪ್ರಾಶಸ್ತ್ಯ ಕ್ರಮವನ್ನೇ ಅನುಸರಿಸುತ್ತವೆ.

ಆದರೆ 60 ಜನರಲ್ಲಿ ಇಬ್ಬರೇ ಇರುವ ಅಂಧ ವಿದ್ಯಾರ್ಥಿಗಳಿಗೆ ಈ ಲೆಕ್ಕದಿಂದ ಪ್ರಯೋಜನವಿಲ್ಲ. ಅಂಥವರಿಗೆ ಮೀಸಲು ಸ್ಥಾನವೇ ಬೇಕು.

ಚುನಾವಣೆಯೇ ಬೇಡ, ಅಂಕಗಳ ಮೇಲೆ ನೇಮಿಸಿದರೆ ಜಗಳವಿಲ್ಲ ಎನ್ನುವವರುಂಟು. ಇದನ್ನು ನಾವು ಒಪ್ಪಲಾರೆವು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವನ ಅಂಕ, ಪ್ರಾಧ್ಯಾಪಕರ ಮಗಳ ಅಂಕದೊಡನೆ ಮೊದಲ ವರ್ಷದಲ್ಲೇ ತೂಗಲಾರದು. ಅತಿ ಹೆಚ್ಚು ಅಂಕ ಪಡೆದವರು ಅತಿ ಹೆಚ್ಚು ಕಷ್ಟ ಬಲ್ಲವರೆಂಬ ಖಾತರಿಯೂ ಇಲ್ಲ. ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಅವರ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟು 2006ರ ಸೆಪ್ಟೆಂಬರಿನಲ್ಲಿ ಜಾರಿಗೆ ತರಲು ಆದೇಶಿಸಿತು. ಅಭ್ಯರ್ಥಿಯ ವೆಚ್ಚ 5,000 ರೂಪಾಯಿ ಮೀರಕೂಡದು, ಮುದ್ರಿತ ಭಿತ್ತಿಪತ್ರ ಕೂಡದು, ಶೇಕಡಾ 75 ಹಾಜರಿ ಇರಬೇಕು ಎಂಬುದೆಲ್ಲ ಅದರಲ್ಲಿದೆ. ಪರಿಸ್ಥಿತಿ ಪ್ರತಿಕೂಲವಾದ ಕಡೆ ತಾತ್ಕಾಲಿಕವಾಗಿ ನಾಮಕರಣ ಮಾಡಬಹುದೆಂದೂ, ಆದರೆ ಅದನ್ನು ಕೇವಲ ಅಂಕಗಳ ಮೇಲೆ ನಿಲ್ಲಿಸುವುದು ಸೂಕ್ತವಲ್ಲವೆಂದೂ ಅದೇ ಸಮಿತಿ ಹೇಳಿತ್ತು. ಈ ಕೊನೆಯ ಮಾತನ್ನು ಎಷ್ಟು ಮಂದಿ ಓದಿದ್ದಾರೋ!

ಐದು ಸಾವಿರದ ಮಿತಿಯನ್ನು ಸಣ್ಣ ವಿಷಯವೆಂದು ಯಾರೂ ಭಾವಿಸಬಾರದು. ಹಣವೊಂದೇ ಗೆಲ್ಲಿಸುವ ಕಡೆ ಕೂಲಿಕಾರರ ಮಗ ನಾಮಪತ್ರ ಹಾಕುವ ಧೈರ್ಯವನ್ನೇ ಮಾಡುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ಕಾಲೇಜುಗಳು ಒಂದು ಸುಲಭೋಪಾಯ ಕಂಡುಕೊಂಡಿವೆ. ಹುಡುಗಿಯರಿಗಾಗಿ ಒಬ್ಬ ಪ್ರತಿನಿಧಿ, ಮುಗಿಯಿತು. ಆಕೆಯ ಪಾಲಿಗೆ ಬರುವುದು ರಂಗೋಲಿ ಸ್ಪರ್ಧೆ ಮತ್ತು ಅತಿಥಿಗಳಿಗೆ ಹೂಗುಚ್ಛ. ಕರ್ನಾಟಕವು 1983ರ ಕಾಯಿದೆಯಲ್ಲಿ ಮಂಡಲ ಪಂಚಾಯಿತಿಗಳಲ್ಲಿ ಶೇಕಡಾ 25 ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಾಗ "ಅವರೇನು ಮಾಡಿಯಾರು?" ಎಂದವರೇ ಹೆಚ್ಚು. ಮುಂದೆ ಆ ಪಾಲು ಅರ್ಧಕ್ಕೇರಿತು. ಅಧ್ಯಕ್ಷ ಪದವಿಯೂ ಸರದಿಯಂತೆ ಮಹಿಳೆಯರಿಗೆ ಬಂದಿತು. ಪದವಿ ಸರದಿಯಲ್ಲಿ ತಿರುಗಿದರೆ ಕಲಿಯುವ ಅವಕಾಶವೂ ತಿರುಗುತ್ತದೆ. ಪಂಚಾಯಿತಿಯಲ್ಲಿ ಸಾಧ್ಯವಾದುದು ಪದವಿ ಕಾಲೇಜಿನಲ್ಲಿ ಅಸಾಧ್ಯವೆನ್ನಲು ನಮಗೆ ಕಾರಣ ತೋಚದು. ಅಧ್ಯಕ್ಷ, ಕಾರ್ಯದರ್ಶಿ ಸ್ಥಾನಗಳನ್ನು ಒಂದು ವರ್ಷ ವಿದ್ಯಾರ್ಥಿನಿಯರಿಗೆ, ಒಂದು ವರ್ಷ ಪರಿಶಿಷ್ಟ ವರ್ಗಗಳಿಗೆ ಎಂದು ಮೊದಲೇ ಪ್ರಕಟಿಸಿಬಿಟ್ಟರೆ ವರ್ಷವರ್ಷದ ತಿಕ್ಕಾಟವೂ ತಪ್ಪೀತು.

ಮೀಸಲು ಸ್ಥಾನದಿಂದ ಬಂದವನನ್ನು ಜತೆಯವರು ಅರೆಪ್ರತಿನಿಧಿಯೆಂದು ಹಂಗಿಸುವುದುಂಟು ಎಂಬ ಆಕ್ಷೇಪ ಸುಳ್ಳಲ್ಲ. ಅದಕ್ಕೆ ಪರಿಹಾರ ಸ್ಥಾನವನ್ನು ಕಿತ್ತುಕೊಳ್ಳುವುದಲ್ಲ. ಸಂಘದ ಹಣಕಾಸು ಮತ್ತು ಸಭೆಯ ಕಾರ್ಯಸೂಚಿಗಳಲ್ಲಿ ಆತನಿಗೆ ನಿಜವಾದ ಕೆಲಸ ಒಪ್ಪಿಸುವುದು. ಇನ್ನು ಅವಮಾನವೇ ನಡೆದರೆ ದೂರು ಕೇಳಲು ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಘಟಕ ಮತ್ತು ತಾರತಮ್ಯ ನಿವಾರಣಾಧಿಕಾರಿ ಇರಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗದ 2012ರ ನಿಯಮಗಳು ವಿಧಿಸಿದವು.

ಸಹ್ಯಾದ್ರಿ ಕಾಲೇಜಿನಲ್ಲಾಗಲಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಾಗಲಿ, ಭದ್ರಾವತಿಯ ಕಾಲೇಜುಗಳಲ್ಲಾಗಲಿ ಓದುವ ಮಕ್ಕಳ ಪಾಲಕರಲ್ಲಿ ನಮ್ಮ ಸಲಹೆ ಇಷ್ಟು: ಪಾಲಕರ ಸಭೆಗೆ ಹೋದಾಗ ಅಂಕಪಟ್ಟಿಯ ಜೊತೆಗೆ ವಿದ್ಯಾರ್ಥಿ ಸಂಘದ ಪಟ್ಟಿಯನ್ನೂ ಕೇಳಿ ನೋಡಿರಿ. ಆಯ್ಕೆ ಹೇಗೆ ನಡೆಯಿತು, ನಿಯಮಾವಳಿ ಬರಹದಲ್ಲಿದೆಯೇ, ತಾರತಮ್ಯ ನಿವಾರಣಾಧಿಕಾರಿ ಯಾರು ಎಂದು ವಿಚಾರಿಸಿರಿ. ಮನೆಗೆ ಬಂದ ಮೇಲೆ, ಸಂಘದ ಚುನಾವಣೆಗೆ ನಿಂತ ಮಗನನ್ನು "ನಮ್ಮವರು ಎಷ್ಟು ಮಂದಿ ಇದ್ದೀರಿ?" ಎಂದು ಕೇಳುವ ಬದಲು, ಗೆದ್ದರೆ ವಿದ್ಯಾರ್ಥಿನಿಲಯದ ಹುಡುಗರಿಗಾಗಿ ಏನು ಮಾಡುವೆ ಎಂದು ಕೇಳಿರಿ.